ಅವ್ವನ ಎಡಗೈ ಯಾರೂ ಬಿಡಲಿಲ್ಲ

ನಮ್ಮ ಮನೆಯಲ್ಲಿ ಯಾರಿಗಾದರೂ ಆರಾಮ ಇಲ್ಲವೆಂದರೆ ಮೊದಲು ಅವರ ಕೈಯಲ್ಲಿದ್ದದ್ದನ್ನೆಲ್ಲ ಕಸಿದುಕೊಳ್ಳುತ್ತಾರೆ. ತಂಬಿಗೆ, ಬಾಚಣಿಗೆ, ಬಾಯಿಗೆ ಹೋಗುವ ತುತ್ತು ಎಲ್ಲವೂ ಬೇರೆಯವರ ಕೈಗೆ ಹೋಗುತ್ತವೆ. ಕೊನೆಗೆ ತಲೆಯ ಮೇಲಿನ ಸೆರಗನ್ನೂ ಬೇರೆಯವರೇ ಸರಿಮಾಡುತ್ತಾರೆ. ಇದಕ್ಕೆ ನಮ್ಮವರು ಪ್ರೀತಿ ಅನ್ನುತ್ತಾರೆ. ಮಸಗುಪ್ಪಿಯ ನನ್ನ ತವರಿನಲ್ಲಿ ಅವ್ವನಿಗೆ ಲಕ್ವಾ ಹೊಡೆದ ವರ್ಷ ಈ ಪ್ರೀತಿ ಎಂಥದೆಂದು ಕಣ್ಣಾರೆ ನೋಡಿದೆ. ಲಕ್ವಾ ಅರ್ಧ ಮೈಯನ್ನು ತೆಗೆದುಕೊಂಡಿತ್ತು, ಉಳಿದರ್ಧವನ್ನು ಮನೆಮಂದಿ ತೆಗೆದುಕೊಂಡರು.

ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೊತ್ತಿಗೆ ಸರಿಯಾಗಿ ಗೋಕಾಕದ ಆಸ್ಪತ್ರೆಗೆ ತಂದದ್ದರಿಂದ ಜೀವ ಉಳಿಯಿತು. ಕೆಲವು ವಾರಗಳಲ್ಲಿ ಮಾತು ತೊದಲುತ್ತಲೇ ಮರಳಿತು, ಕಾಲು ಗೋಡೆ ಹಿಡಿದು ನಡೆಯುವಷ್ಟಾಯಿತು. ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ನೋಡಲು ಬಂದವರೆಲ್ಲ ಒಂದೇ ಸಮಾಧಾನ ಹೇಳಿದರು: "ಎಡಗೈ ಹೋದ್ರ ಹೋಗ್ಲಿ ಬಿಡ್ರಿ, ಉಣ್ಣೂ ಕೈ ಉಳೀತಲ್ಲ." ಉಣ್ಣುವುದೊಂದೇ ಮನುಷ್ಯರ ಕೆಲಸವೆಂದು ತಿಳಿದವರ ಸಮಾಧಾನ ಅದು. ಹಾಗೆಂದವರ ಕೊರಳಲ್ಲೂ ಲಿಂಗವಿತ್ತು, ನಾಚಿಕೆ ಮಾತ್ರ ಇರಲಿಲ್ಲ.

ಲಿಂಗಪೂಜೆಯಲ್ಲಿ ಎಡ ಅಂಗೈಯೇ ಗದ್ದುಗೆ. ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಬೇಕು. ಅವ್ವ ತಾನು ಹುಡುಗಿಯಾಗಿದ್ದಾಗಿನಿಂದ ಇದನ್ನು ಮಾಡದೆ ಬಾಯಿಗೆ ಚಹಾ ಮುಟ್ಟಿಸಿದವಳಲ್ಲ. ಅವಳಿಗೆ ಗುಡಿ ಬೇಕಿರಲಿಲ್ಲ, ಗುಡಿ ಕೈಯಲ್ಲೇ ಇತ್ತು. ಈಗ ಆ ಕೈ ಏಳುತ್ತಿರಲಿಲ್ಲ.

ಅಣ್ಣ ಇದಕ್ಕೂ ದಾರಿ ಹುಡುಕಿದ್ದ. ಬೆಳಿಗ್ಗೆ ಕಬ್ಬಿಗೆ ನೀರು ಹಾಯಿಸಲು ಹೋಗುವ ಮುಂಚೆ ಅವ್ವನ ಬಾಜೂ ಕೂತು, ಅವಳ ಮಣಿಕಟ್ಟನ್ನು ಎತ್ತಿ ಹಿಡಿದು, ತನ್ನ ಅಂಗೈಯ ಮೇಲೆ ಅವಳ ಅಂಗೈ ಇಟ್ಟು, ಅದರ ಮೇಲೆ ಲಿಂಗ ಇಡುತ್ತಿದ್ದ. ಅವನ ಹೆಂಡತಿ, ನಮ್ಮ ವೈನಿ, ನೀರು ಹಾಕುತ್ತಿದ್ದಳು. ಚಹಾ ಆರುವುದರೊಳಗೆ ಪೂಜೆ ಮುಗಿಯುತ್ತಿತ್ತು. ಅಷ್ಟು ಹೊತ್ತೂ ಅವ್ವ ಗೋಡೆ ನೋಡುತ್ತಿದ್ದಳು.

"ಇದು ನಿಮ್ಮ ಅಣ್ಣನ ಪೂಜಿ," ಎಂದಳು ಅವ್ವ, ನಾನು ಒಬ್ಬಳೇ ಸಿಕ್ಕಾಗ. "ನನ್ನ ಕೈಯಾಗ ನಾನ ಹಿಡೀಬೇಕು. ಮತ್ತೇನೂ ಬ್ಯಾಡ ನನಗ."

ನಾನು ಗೋಕಾಕದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನರಕೋಶದ ಪಾಠವನ್ನು ಪ್ರತಿವರ್ಷ ಹೇಳುತ್ತೇನೆ, ಮಕ್ಕಳು ಚಿತ್ರ ಬರೆದು ಅಂಕ ತೆಗೆದುಕೊಂಡು ಪ್ರತಿವರ್ಷ ಮರೆಯುತ್ತಾರೆ. ಅವರನ್ನಾದರೂ ಕ್ಷಮಿಸಬಹುದು. ಮನೆಯ ಪಡಸಾಲೆಯಲ್ಲಿ ಅದೇ ಪಾಠ ಹೇಳಿದಾಗ ನಮ್ಮ ಅಣ್ಣ ನಡುವೆ ಎದ್ದುಹೋಗಿ ಮೋಟಾರು ಚಾಲೂ ಮಾಡಿ ಬಂದ.

ಪಾಠ ಇಷ್ಟೇ ಇತ್ತು. ಸತ್ತ ನರಕೋಶ ಮರಳುವುದಿಲ್ಲ. ಆದರೆ ಅದರ ಅಕ್ಕಪಕ್ಕದವು ಆ ಕೆಲಸದಲ್ಲಿ ಸ್ವಲ್ಪವನ್ನಾದರೂ ಕಲಿಯಬಲ್ಲವು. ಕಲಿಯುವುದೆಂದರೆ ಕೋಶದೊಳಗೆ ನಿಜವಾಗಿಯೂ ಹೊಸ ಸಾಮಾನು ತಯಾರಾಗಬೇಕು. ಒಂದು ಕೋಶದಿಂದ ಇನ್ನೊಂದಕ್ಕೆ ಸಂಕೇತ ಬಂದಾಗ ಸಣ್ಣ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಸಂಕೇತ ಜೋರಾಗಿದ್ದರೆ, ಮತ್ತೆ ಮತ್ತೆ ಬಂದರೆ, ಆ ಸುದ್ದಿ ಕೋಶದ ಕೇಂದ್ರದವರೆಗೂ ಹೋಗುತ್ತದೆ. ಅಲ್ಲಿ ಅದುವರೆಗೆ ಸುಮ್ಮನಿದ್ದ ಕೆಲವು ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳ ನಕಲು ಹೊರಗೆ ಬಂದು, ಅದನ್ನು ಓದಿ ಪ್ರೋಟೀನು ತಯಾರಾಗುತ್ತದೆ. ಕೆಲವು ನಕಲುಗಳಂತೂ ನರದ ಟೊಂಗೆಗಳ ತುದಿಯವರೆಗೂ ಹೋಗಿ ಕಾಯುತ್ತ ಕೂತಿರುತ್ತವೆ, ಸಂಕೇತ ಬಂದ ಜಾಗದಲ್ಲೇ ಪ್ರೋಟೀನು ಕಟ್ಟಲು. ಆ ಪ್ರೋಟೀನಿನಿಂದ ಎರಡು ಕೋಶಗಳ ನಡುವಿನ ನಂಟು ಗಟ್ಟಿಯಾಗುತ್ತದೆ. ಸಂಕೇತವೇ ಬಾರದಿದ್ದರೆ ಇದು ಯಾವುದೂ ಆಗುವುದಿಲ್ಲ. ಡಬ್ಬಿಯಲ್ಲಿ ಬೇಳೆ ಬೆಲ್ಲ ಎಲ್ಲ ಇದ್ದರೂ ಬೀಗರು ಬಂದ ಸುದ್ದಿ ತಿಳಿಯುವವರೆಗೆ ಯಾರೂ ಹೋಳಿಗೆಗೆ ಕೂಡುವುದಿಲ್ಲವಲ್ಲ, ಹಾಗೆ.

"ಅಣ್ಣಾ, ನೀ ಎತ್ತಿ ಹಿಡದ್ರ ಎತ್ತೂ ಹುಕುಂ ನಿನ್ನ ತಲ್ಯಾಗ ಹುಟ್ಟತೈತಿ, ಅವ್ವನ ತಲ್ಯಾಗ ಅಲ್ಲ," ಎಂದೆ. "ನೀ ಕೈ ಬಿಡು. ಅವ್ವ ತಾನ ಎತ್ತಾಕ ನೋಡ್ಲಿ."

"ಬಿದ್ದರ?" ಎಂದ ಅಣ್ಣ.

ಇಡೀ ಮನೆಯ ವಿಜ್ಞಾನ, ಧರ್ಮ, ಬುದ್ಧಿ ಎಲ್ಲ ಆ ಒಂದು ಮಾತಿನಲ್ಲಿತ್ತು. ಲಿಂಗ ಕೈಜಾರಿ ನೆಲಕ್ಕೆ ಬೀಳುವುದೆಂದರೆ ನಮ್ಮವರಿಗೆ ಅಪಚಾರಗಳಲ್ಲೇ ದೊಡ್ಡದು. ಬಿದ್ದೀತೆಂಬ ಹೆದರಿಕೆಗೆ ಅವ್ವನ ಕೈ ಎಂದೆಂದಿಗೂ ಏಳದಿದ್ದರೂ ಅಡ್ಡಿಯಿಲ್ಲ, ಅದು ಅಪಚಾರವಲ್ಲ. ಅಣ್ಣನದು ಕೆಟ್ಟ ಮನಸ್ಸಲ್ಲ, ಅದನ್ನು ಒಪ್ಪುತ್ತೇನೆ. ಕೆಟ್ಟ ಮನಸ್ಸಿನವನಾಗಿದ್ದರೆ ಎಂದೋ ಬೇಸತ್ತು ಅವ್ವನನ್ನು ಅವಳ ಪಾಡಿಗೆ ಬಿಡುತ್ತಿದ್ದ, ಕೈ ಅಷ್ಟು ಬೇಗ ಸುಧಾರಿಸುತ್ತಿತ್ತು.

ಈ ನಡುವೆ ದಡ್ಡಿಯ ಕಡೆಯಿಂದ ಸೋದರಮಾವ ಒಂದು ಬಾಟಲಿ ಎಣ್ಣೆ ತಂದ. ಅದರ ವಾಸನೆಗೆ ಹಿತ್ತಲಿನ ನಾಯಿ ಎದ್ದು ಬೇರೆ ಮನೆಗೆ ಹೋಯಿತು. ಹೊತ್ತೊತ್ತಿಗೆ ತಿಕ್ಕಿದರು. ಕೆಲವು ವಾರದ ಮೇಲೆ ಅವ್ವನ ಬೆರಳುಗಳು ತಾವಾಗಿ ಮಡಚಿಕೊಳ್ಳತೊಡಗಿದವು, ಮುಷ್ಟಿ ಬಿಗಿಯಿತು. ಮನೆಯಲ್ಲಿ ಹಬ್ಬವಾಯಿತು. "ಮುಷ್ಟಿ ಕಟ್ಟೇತಿ ನೋಡ್ರಿ, ಕೈಗೆ ಶಕ್ತಿ ಬಂತು," ಎಂದು ಮಾವ ಫೋನಿನಲ್ಲಿ ಹುಕ್ಕೇರಿ ತಾಲೂಕಿಗೆಲ್ಲ ಸಾರಿದ. ಲಕ್ವಾದ ಕೈ ಮೊದಲು ಸಡಿಲಾಗಿ, ಆಮೇಲೆ ಹೀಗೆ ಬಿಗಿಯುವುದು ಎಷ್ಟೋ ಜನರಲ್ಲಿ ಆಗುವುದೇ. ಬಿಗಿದ ಮುಷ್ಟಿಯನ್ನು ತೆರೆಯುವುದೇ ಕಷ್ಟದ ಕೆಲಸ. ಲಿಂಗ ಇಡುವುದು ಮುಷ್ಟಿಯಲ್ಲಲ್ಲ, ತೆರೆದ ಅಂಗೈಯಲ್ಲಿ. ಇದನ್ನು ನಾನು ಹೇಳಿದಾಗ ಮಾವ ಗೋಕಾಕದವಳಿಗೆ ಸೊಕ್ಕು ಎಂದ. ಇರಬಹುದು. ಅವನ ಎಣ್ಣೆಗಿಂತ ಸೊಕ್ಕು ವಾಸನೆ ಕಡಿಮೆ.

ಎಣ್ಣೆಯ ಹಿಂದೆ ಪುಡಿ ಬಂತು. ಪುಡಿ ತಂದವನು ವೈನಿಯ ತಮ್ಮ, ಹುಕ್ಕೇರಿಯವನು. ಮೊದಲು ಮೊಬೈಲ್ ಮಾರುತ್ತಿದ್ದ, ಆಮೇಲೆ ಪ್ಲಾಟು, ಈಗ ಆರೋಗ್ಯ ಮಾರುತ್ತಿದ್ದಾನೆ. ಬರುವಾಗ ಲ್ಯಾಪ್‌ಟಾಪ್ ತಂದಿದ್ದ. ಅದರಲ್ಲಿ ನೀಲಿ ಬಣ್ಣದ ನರಕೋಶಗಳು ದೀಪಾವಳಿಯ ಸರದಂತೆ ಮಿನುಗುತ್ತಿದ್ದವು.

"ಅಕ್ಕಾರ, ನಿಮಗ ಗೊತ್ತ ಐತಿ, ಎಲ್ಲಾ ಜೀನಿನ ಆಟ," ಎಂದ. "ಈ ಪುಡಿ ಹಾಲಿನ್ಯಾಗ ತಗೊಂಡ್ರ ಮಲಗಿದ್ದ ಜೀನು ಎಚ್ಚರಾಗ್ತಾವ. ನರಕ್ಕ ಬೇಕಾದ ಪ್ರೋಟೀನ್ ಡೈರೆಕ್ಟ್ ಹೋಗತೈತಿ."

"ಡೈರೆಕ್ಟ್ ಎಲ್ಲಿಂದ? ಕಿವಿಯಿಂದೇನು?" ಎಂದು ಕೇಳಿದೆ.

ಅವನು ನಕ್ಕ. ಮಾರುವವರು ಯಾವಾಗಲೂ ನಗುತ್ತಾರೆ, ಅದು ಅವರ ತರಬೇತಿ. ತಿಂದ ಪ್ರೋಟೀನು ಹೊಟ್ಟೆಯಲ್ಲಿ ಚೂರುಚೂರಾಗುತ್ತದೆ. ನರಕೋಶ ತನಗೆ ಬೇಕಾದ ಪ್ರೋಟೀನನ್ನು ತಾನೇ, ತನ್ನೊಳಗೆ, ಸಂಕೇತ ಬಂದಾಗ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಯಾರೂ ಪೊಟ್ಟಣ ಕಟ್ಟಿ ಅಲ್ಲಿಗೆ ಕಳಿಸಲಾರರು. ಅವನ ಮಾತಿನ ಒಂದೊಂದು ಪದವೂ ನನ್ನ ಪಾಠದಿಂದಲೇ ಎತ್ತಿದ್ದು, ಒಂದರ ಜಾಗವೂ ಸರಿಯಿರಲಿಲ್ಲ. ನನಗೆ ಮೈ ಉರಿದದ್ದು ಅದಕ್ಕೇ. ಆದರೆ ಮನೆಯವರಿಗೆ ನನ್ನ ಸೀಮೆಸುಣ್ಣಕ್ಕಿಂತ ಅವನ ನೀಲಿ ದೀಪ ಹಿಡಿಸಿತು. ದಿನಾ ಬೆಳಿಗ್ಗೆ ಒಂದು ಲೋಟ ಪುಡಿಹಾಲು ಅವ್ವನ ಮಂಚದ ಬಳಿ ಬರತೊಡಗಿತು. ಅಣ್ಣನ ಕೈ ಅವಳ ಕೈಯ ಕೆಳಗೆ ಇದ್ದಲ್ಲೇ ಇತ್ತು.

ನಾನು ಲಿಂಬೆಹಣ್ಣು ಕೊಟ್ಟು ನೋಡಿದೆ. "ಬೆರಳು ತೆರೆದು ಇದನ್ನ ಹಿಡಿ ಅವ್ವಾ, ಬಿದ್ರ ಬೀಳ್ಲಿ," ಎಂದೆ. ಅವ್ವ ಲಿಂಬೆಹಣ್ಣನ್ನು ಬಲಗೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಆಟ ಆಡಾಕ ನಾ ಏನ್ ಕೂಸೇನು?" ಎಂದಳು.

ನನಗೆ ಸಿಟ್ಟು ಬಂತು. ಆದರೆ ಬಸ್ಸಿನಲ್ಲಿ ಮರಳುವಾಗ ಅವಳ ಮಾತು ಸರಿ ಅನ್ನಿಸಿತು. ಮನಸ್ಸಿಲ್ಲದ ಕೆಲಸಕ್ಕೆ ಹುಟ್ಟುವ ಸಂಕೇತ ಬಡಕಲು. ಗಮನ ಇದ್ದಾಗ, ಆಸೆ ಇದ್ದಾಗ ಮಿದುಳು ಬೇರೆ ರಾಸಾಯನಿಕಗಳನ್ನು ಸುರಿದು ಅದೇ ಸಂಕೇತಕ್ಕೆ ಬಲ ಕೊಡುತ್ತದೆ. ಅವ್ವನಿಗೆ ಲಿಂಬೆಹಣ್ಣಿನ ಆಸೆ ಇರಲಿಲ್ಲ. ಆಸೆ ಇದ್ದದ್ದು ಒಂದೇ ವಸ್ತುವಿನದು, ಅದನ್ನೇ ಅವಳ ಕೈಗೆ ಕೊಡಲು ಎಲ್ಲರೂ ಹೆದರುತ್ತಿದ್ದರು.

ಮುಂದಿನ ರವಿವಾರ ಹೋದವಳೇ ಎರಡು ಕೌದಿಗಳನ್ನು ಮಡಚಿ ಅವ್ವನ ತೊಡೆಯ ಮೇಲಿಟ್ಟೆ. ಅವುಗಳ ಮೇಲೆ ಅವಳ ಕೈ ಇಟ್ಟು, ಅಣ್ಣನಿಗೆ ದೂರ ಕೂಡಲು ಹೇಳಿದೆ. ಅವ್ವ ಬೆರಳು ತೆರೆಯಲು ನೋಡಿದಳು. ಹಣೆಯಲ್ಲಿ ಬೆವರು ಬಂತು. ಅರ್ಧ ತೆರೆದ ಅಂಗೈಯಲ್ಲಿ ತಾನೇ ಬಲಗೈಯಿಂದ ಲಿಂಗ ಇಟ್ಟಳು. ಕೈ ವಾಲಿತು, ಲಿಂಗ ಉರುಳಿ ಕೌದಿಯ ಮೇಲೆ ಬಿತ್ತು.

ವೈನಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಣ್ಣ ಎದ್ದು ನಿಂತ.

"ನಿನ್ನ ಶಾಣ್ಯಾತನ ನಿಮ್ಮ ಕಾಲೇಜಿನ್ಯಾಗ ಇಟ್ಕೋ," ಎಂದ ನನಗೆ. "ಈ ಮನ್ಯಾಗ ಇಂಥಾದ್ದು ಆಗಿದ್ದಿಲ್ಲ."

"ನೆಲಕ್ಕ ಬಿದ್ದಿಲ್ಲ, ಕೌದಿ ಮ್ಯಾಲ ಐತಿ," ಎಂದೆ.

"ಕೌದಿ ಮ್ಯಾಲ ಬಿದ್ರೂ ಬಿದ್ದಂಗ ಅಲ್ಲೇನು?" ಎಂದು ಬಗ್ಗಿ ಎತ್ತಲು ಹೋದ.

"ಮುಟ್ಟಬ್ಯಾಡ," ಎಂದಳು ಅವ್ವ. ತೊದಲು ಮಾತೇ, ಆದರೆ ಅಣ್ಣ ಸಣ್ಣವನಿದ್ದಾಗ ಕೇಳಿದ ದನಿಯೇ ಅದು. ಅವನು ಹಿಂದೆ ಸರಿದ. ಅವ್ವ ತಾನೇ ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ನಾಳಿಯಿಂದ ಪೂಜಿ ಹೊತ್ತಿಗೆ ಯಾರೂ ಒಳಗ ಬರಬ್ಯಾಡ್ರಿ. ಬಾಗಲಾ ಮುಂದ ಮಾಡ್ರಿ."

ಆಮೇಲಿನ ತಿಂಗಳುಗಳಲ್ಲಿ ಆ ಬಾಗಿಲ ಹಿಂದೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಅಣ್ಣ ನನ್ನ ಫೋನು ಎತ್ತುವುದನ್ನು ಬಿಟ್ಟಿದ್ದ. ವೈನಿ ಮಾತ್ರ ಹೇಳುತ್ತಿದ್ದಳು: ಪೂಜೆ ಈಗ ಬಹಳ ಹೊತ್ತು ನಡೆಯುತ್ತದೆ, ನಡುನಡುವೆ ಅವ್ವ ದಣಿದು ಸುಮ್ಮನೆ ಕೂಡುತ್ತಾಳೆ, ಮತ್ತೆ ಶುರು ಮಾಡುತ್ತಾಳೆ, ಒಮ್ಮೊಮ್ಮೆ ಬೈಯುವುದೂ ಕೇಳುತ್ತದೆ. ಯಾರನ್ನು ಬೈಯುತ್ತಾಳೆ ಎಂದು ಕೇಳಿದೆ. "ಕೈಗೆ ಬೈತಾರ," ಎಂದಳು. ಯತ್ನ, ವಿಶ್ರಾಂತಿ, ಮತ್ತೆ ಯತ್ನ. ನರಕೋಶಕ್ಕೆ ಬೇಕಾದದ್ದೂ ಇಂಥದೇ. ನಾನು ಹೇಳಿಕೊಟ್ಟದ್ದಲ್ಲ, ಅವ್ವನಿಗೆ ದಣಿವಾಗುತ್ತಿತ್ತು, ಅಷ್ಟೇ.

ಹೀಗಿರುವಾಗ ಹುಕ್ಕೇರಿಯ ಮಾರಾಟಗಾರ ಒಂದು ರವಿವಾರ ಮಸಗುಪ್ಪಿಗೆ ಬಂದ. ಮೂಡಲಗಿಯ ಕಲ್ಯಾಣ ಮಂಟಪದಲ್ಲಿ ಅವರ ಪುಡಿಯ ಸಭೆ ಇತ್ತಂತೆ, ಅಲ್ಲಿ ತೋರಿಸಲು ಅವ್ವನ ವಿಡಿಯೋ ಬೇಕಿತ್ತು. ನಾನೂ ಅವತ್ತು ಅಲ್ಲಿದ್ದೆ. ಅಣ್ಣ ಕೂಡ ಪುಡಿಯ ಗುಣ ನೋಡಲು ಬಂದು ಕೂತ. ಬಾಗಿಲು ಮುಚ್ಚಿದಂದಿನಿಂದ ಅವನು ಅವ್ವನ ಪೂಜೆ ನೋಡಿರಲಿಲ್ಲ.

"ಅತ್ತಿ, ಕೈ ತೋರಸ್ರಿ," ಎಂದು ಮಾರಾಟಗಾರ ಫೋನು ಹಿಡಿದ. "ಪುಡಿ ತಗೊಂಡ ಮ್ಯಾಲ ಹೆಂಗಾಗೇತಿ, ಒಂದೆರಡು ಮಾತು ಹೇಳ್ರಿ."

ಅವ್ವ ಅವನ ಕಡೆ ತಿರುಗಿದಳು.

"ಪುಡಿ ನಾ ಕುಡದಿಲ್ಲಪಾ. ದಿನಾ ಎಮ್ಮಿ ಮುಸುರಿ ಬಕೀಟಿಗಿ ಸುರದೀನಿ. ಎಮ್ಮೀದ ಫೋಟೋ ತಗೋ ಹೋಗು."

ನಾನು ನಕ್ಕೆ, ಬಾಯಿ ಮುಚ್ಚಿಕೊಳ್ಳಲೂ ಇಲ್ಲ. ವೈನಿ ತಲೆ ತಗ್ಗಿಸಿದಳು. ಅವನು ಆಗಲೂ ನಗುತ್ತಲೇ ಇದ್ದ, ಆದರೆ ಫೋನು ಜೇಬಿಗೆ ಹೋಯಿತು. ಅವ್ವನಿಗೆ ನಮ್ಮ ಯಾರ ಗೊಡವೆಯೂ ಇರಲಿಲ್ಲ. ಪೂಜೆಯ ಹೊತ್ತಾಗಿತ್ತು, ಅವತ್ತು ನಮಗೆ ಹೊರಗೆ ಹೋಗಿರೆನ್ನಲೂ ಇಲ್ಲ. ಅವಳು ಗೋಡೆಗೊರಗಿ ಕೂತು ಎಡಗೈಯನ್ನು ಮೇಲೆತ್ತಿದಳು. ಮುಷ್ಟಿ ಎದೆಯವರೆಗೆ ಬಂದು ನಿಂತಿತು. ಕಿರುಬೆರಳು ಮೊದಲು ತೆರೆಯಿತು, ಆಮೇಲೆ ಉಳಿದವು ಒಂದೊಂದಾಗಿ. ಹೆಬ್ಬೆರಳು ಪೂರ್ತಿ ತೆರೆಯಲಿಲ್ಲ, ಇಂದಿಗೂ ತೆರೆಯುವುದಿಲ್ಲ. ಬಲಗೈಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟಳು. ಕೈ ನಡುಗತೊಡಗಿತು.

ಅಣ್ಣ ತಡೆಯಲಾಗದೆ ಮುಂದೆ ಬಂದ. ಅವನ ಎರಡೂ ಕೈಗಳು ಅವ್ವನ ಕೈಯ ಕೆಳಗೆ ಹೋದವು. ಅವ್ವ ಲಿಂಗದಿಂದ ಕಣ್ಣು ತೆಗೆಯಲಿಲ್ಲ.

"ತಮ್ಮಾ, ಕೈ ತಗಿ," ಎಂದಳು.

ಅವನು ತೆಗೆಯಲಿಲ್ಲ. ಕಣ್ಣಿಂದ ಹನಿಹನಿಯಾಗಿ ನೀರು ಇಳಿಯುತ್ತಿತ್ತು.

"ತಗಿಯೋ. ಇದು ನಂದು."

ಅವನು ತೆಗೆದ. ಅವ್ವ ತಂಬಿಗೆಯಿಂದ ನೀರು ಹಾಕಿದಳು, ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಕೈ ಕೊನೆಯವರೆಗೂ ನಡುಗುತ್ತಲೇ ಇತ್ತು, ಅದರ ಕೆಳಗೆ ಯಾರ ಕೈಯೂ ಇರಲಿಲ್ಲ.