ಮುತ್ಲಗ್ ಎಳೆದ ಗೆರೆ

ವರ್ಕಾದ ದಿಬ್ಬದಲ್ಲಿ, ಅಂದರೆ ಹಿಂದಿನ ಉರುಕ್ ಪಟ್ಟಣದ ಮೇಲೆ, ಹಸಿ ಇಟ್ಟಿಗೆಯ ಗೋಡೆ ಯಾವುದು, ಅದಕ್ಕೆ ಅಂಟಿದ ಬರಿಮಣ್ಣು ಯಾವುದು ಎಂದು ಹೇಳಬಲ್ಲವರು ಕಡಿಮೆ. ಎರಡೂ ಒಂದೇ ಮಣ್ಣು. ಉತ್ತರದ ಶರ್ಖಾತ್‌ನಿಂದ ಪ್ರತಿ ಚಳಿಗಾಲ ಇಲ್ಲಿಗೆ ಪುರಾತತ್ವದವರ ಜೊತೆ ಅಗೆಯಲು ಬರುತ್ತಿದ್ದ ಮುತ್ಲಗ್ ಹೇಳಬಲ್ಲವನಾಗಿದ್ದ. ಸಣ್ಣ ಪಿಕಾಸಿಯ ಮೊನೆ ತಾಗಿದ ಸದ್ದೇ ಅವನಿಗೆ ಸಾಕಿತ್ತು. ಹಿರಿಮಗ ಗಾನಿಮ್‌ನ ಹೆಸರು ಹಿಡಿದು ಎಲ್ಲರೂ ಅವನನ್ನು ಅಬು ಗಾನಿಮ್ ಎನ್ನುತ್ತಿದ್ದರು. ಓದುಬರಹ ಇಲ್ಲ, ಮೊಣಕಾಲು ನೆಟ್ಟಗಿಲ್ಲ, ಸಕ್ಕರೆ ಕಾಯಿಲೆ ಇದ್ದೂ ಚಹಾಕ್ಕೆ ಮೂರು ಚಮಚ ಸಕ್ಕರೆ. ನಲವತ್ತೊಂದು ವರ್ಷದಲ್ಲಿ ತನ್ನ ಮಾತು ಒಮ್ಮೆಯೂ ಸುಳ್ಳಾಗಿಲ್ಲ ಎಂದು ಅವನೇ ಹೇಳುತ್ತಿದ್ದ; ಅಲ್ಲಗಳೆಯುವವರೂ ಇರಲಿಲ್ಲ.

ಆ ವರ್ಷ ಬಗ್ದಾದಿನಿಂದ ಬಂದ ಪುರಾತತ್ವದ ಡಾಕ್ಟರ್ ಮೈಸಲೂನ್ ಅವನನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿದಳು. ಎದೆಮಟ್ಟದ ಗೋಡೆ, ಮೇಲ್ಭಾಗ ಬಿರಿದು ವಾಲಿತ್ತು. ಕೆಳಗಿನದು ನಾಲ್ಕು ಸಾವಿರ ವರ್ಷದ್ದು. ಮೇಲಿನದು ದುರಸ್ತಿ, ಮುತ್ಲಗ್‌ನೇ ಹರೆಯದಲ್ಲಿ ಕಟ್ಟಿದ್ದು.

"ಅಬು ಗಾನಿಮ್, ನೀವು ಕಟ್ಟಿದ್ದನ್ನ ಬಿಚ್ಚಬೇಕು. ಬಿಟ್ರೆ ಮಳೇಲಿ ಹಳೇದನ್ನೂ ಎಳ್ಕೊಂಡು ಬೀಳುತ್ತೆ. ಜಾಸ್ತಿ ಬಿಚ್ಚಿದ್ರೆ ಹಳೇದನ್ನ ನಾವೇ ಕೆಡವಿದ ಹಾಗೆ. ಎಲ್ಲಿಗೆ ನಿಲ್ಸೋದು? ಗೆರೆ ಎಳೀರಿ."

"ಇದೇನ್ ದೊಡ್ಡ ವಿಷಯ ಡಾಕ್ಟ್ರಮ್ಮ," ಎಂದು ಪಿಕಾಸಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಹೊಂದಿಕೊಳ್ಳಲಿ ಎಂದು ಅಂದಿನ ಅಧಿಕಾರಿ ಹಳೆಯ ಇಟ್ಟಿಗೆಯ ಅಳತೆಯಲ್ಲೇ ಅಚ್ಚು ಮಾಡಿಸಿದ್ದ. ಮಣ್ಣು ಅದೇ ಬತ್ತಿದ ಕಾಲುವೆಯದು. ಕಲಸಿದ್ದ ಹುಲ್ಲನ್ನು ಎರಡರಲ್ಲೂ ಗೆದ್ದಲು ತಿಂದಿತ್ತು. ಮುತ್ಲಗ್ ಕೆಳಗಿಂದೊಂದು, ಮೇಲಿಂದೊಂದು ಚೂರು ಮುರಿದು ನಾಲಿಗೆಗೆ ಹಚ್ಚಿದ. ಹಳೆಯದು ಉಪ್ಪು, ಹೊಸದು ಸಪ್ಪೆ ಇರಬೇಕಿತ್ತು. ಇಲ್ಲಿ ಬುಡದಿಂದ ತುದಿಯವರೆಗೆ ಉಪ್ಪೇ.

ಅವನ ತಮ್ಮನ ಮಗ ಧಿಯಾಬ್, ಅವನೂ ಗಡ್ಡ ನರೆತವನೇ, ಹಿಂದಿನಿಂದ ಕೂಗಿದ: "ದೊಡ್ಡಪ್ಪಾ, ಉಪ್ಪು ಸರಿಯಾಗಿದ್ಯಾ? ಇನ್ನೊಂಚೂರು ಹಾಕ್ಲಾ?"

"ಬಾಯಿ ಮುಚ್ಚು. ಇಲ್ಲಾಂದ್ರೆ ನಿಂಗೂ ಒಂದು ತುತ್ತು ತಿನ್ನಿಸ್ತೀನಿ."

ದುರಸ್ತಿಯ ಮೊದಲ ಇಟ್ಟಿಗೆ ವರಸೆಯಡಿ ಗಾಜಿನ ಸೀಸೆಯ ಚೂರು ಇಡುವುದು ಆ ಕೆಲಸದ ರೂಢಿ. ಮುಂದೆ ಅಗೆಯುವವರಿಗೆ ಗುರುತು ಸಿಗಲಿ ಎಂದು. ಡಾಕ್ಟರ್ ಅದನ್ನೇ ಕೇಳಿದಳು.

"ಇಟ್ಟೆ. ಆ ಕಡೆ ಗೋಡೇಗೆ ಖಂಡಿತಾ ಇಟ್ಟೆ. ಇದಕ್ಕೆ... ಇದು ಯುದ್ಧದ ವರ್ಷ ಕಟ್ಟಿದ್ದಲ್ವಾ?"

"ಯಾವ ಯುದ್ಧ?"

"ಅದೇ ಗೊತ್ತಾಗ್ತಿಲ್ಲ. ಮಳೆ ಹುಯ್ತಿತ್ತು, ಬೇಗ ಮುಗ್ಸಿ ಅಂದ್ರು. ಇಟ್ಟಿರ್ತೀನಿ. ಇಲ್ವೇನೋ."

ಎರಡು ದಿನ ಸಂದುಗಳನ್ನು ಕೆರೆದ. ಗಾಜು ಸಿಗಲಿಲ್ಲ. ಸಿಗದಿದ್ದರೆ ಇಟ್ಟಿಲ್ಲ ಎನ್ನುವಂತಿಲ್ಲ. ಗೋಡೆಯ ನಡುವೆ ಇರಬಹುದು, ಅದನ್ನು ನೋಡಲು ಗೋಡೆಯನ್ನೇ ಒಡೆಯಬೇಕು. ಮೂರನೆಯ ದಿನ ಮೊಣಕಾಲಿನ ಮಟ್ಟಕ್ಕೆ ಒಂದು ಗೆರೆ ಎಳೆದ. ಚಹಾ ಕುಡಿದು ಬಂದು, ತಲೆ ಕೆರೆದುಕೊಂಡು, ನಾಲ್ಕು ವರಸೆ ಮೇಲೆ ಇನ್ನೊಂದು ಎಳೆದ. ಈ ಗೋಡೆ ಕಟ್ಟಿದ್ದನ್ನು ನೆನೆಯಲು ಹೋದರೆ ಬೇರೆ ಹತ್ತು ಗೋಡೆಗಳು ನೆನಪಿಗೆ ಬರುತ್ತಿದ್ದವು.

"ಎರಡು ಗೆರೆ ಯಾಕೆ?" ಡಾಕ್ಟರ್ ಕೇಳಿದಳು.

"ಕೆಳಗಿಂದು ಬೆರಳು ಹೇಳಿದ್ದು. ಮೇಲಿಂದು ಕಿವಿ ಹೇಳಿದ್ದು."

"ನೀವೇನ್ ಹೇಳ್ತೀರಿ?"

"ಗೊತ್ತಿಲ್ಲ ಡಾಕ್ಟ್ರಮ್ಮ."

ಆ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಧಿಯಾಬ್ ಕೂಡ ನಗಲಿಲ್ಲ.

ಮೇಲಿನ ಗೆರೆಯವರೆಗೆ ಮಾತ್ರ ಬಿಚ್ಚಿದರು. ಎರಡು ಗೆರೆಗಳ ನಡುವೆ ಉಳಿದ ನಾಲ್ಕು ವರಸೆ ಮಳೆಗೆ ನಿಲ್ಲುತ್ತವೋ, ಕೆಳಗಿನದನ್ನೂ ಎಳೆದುಕೊಂಡು ಹೋಗುತ್ತವೋ ಯಾರಿಗೂ ತಿಳಿಯದು. ಡಾಕ್ಟರ್ ಗೋಡೆಯ ಚಿತ್ರ ಬರೆದು ಪಕ್ಕದಲ್ಲಿ ಏನೋ ಗೀಚಿದಳು.

"ಏನ್ ಬರ್ದ್ರಿ?"

"ನಾಲ್ಕು ವರಸೆ, ಯಾವ ಕಾಲದ್ದೋ ತಿಳಿಯದು ಅಂತ."

"ನನ್ ಹೆಸ್ರು?"

"ಅದೂ ಇದೆ. ಮುತ್ಲಗ್‌ನ ಎರಡು ಗೆರೆ ಅಂತ."

ಅಳಿಸಿ ಎನ್ನಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. "ಇರ್ಲಿ ಬಿಡಿ," ಎಂದು ಜೊಂಡಿನ ಚಾಪೆ ತರಲು ಹೋದ. ಮಳೆಗೆ ಮುಂಚೆ ಆ ನಾಲ್ಕು ವರಸೆಗಳನ್ನು ಮುಚ್ಚಬೇಕಿತ್ತು, ಯಾರು ಕಟ್ಟಿದ್ದೇ ಆಗಿರಲಿ.