ಹನ್ನೊಂದು ಗಾಲಿಕುರ್ಚಿಗಳ ತಪಾಸಣೆ

ಓಣಿಯವರೆಲ್ಲ ಗಾಲಿಮಾಮ ಎಂದು ಕರೆಯುವ ಆ ಸೈಕಲ್ ರಿಪೇರಿಯವನಿಗೆ ಯಾವ ವಸ್ತು ಕಂಡರೂ ಬಿಚ್ಚಿ ನೋಡುವ ಚಟ. ಗಡಿಯಾರ, ಬೀಗ, ತಕ್ಕಡಿ, ಒಂದೂ ಅವನ ಕೈಯಿಂದ ಪಾರಾಗಿಲ್ಲ. ಹೆಂಡತಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ಬಾಡಿಗೆಗೆ ತಂದ ಗಾಲಿಕುರ್ಚಿಯನ್ನೂ ಪುಣ್ಯಾತ್ಮ ಬಿಡಲಿಲ್ಲ. ಬಿಚ್ಚಿದ, ಜೋಡಿಸಿದ, "ಅಯ್ಯೋ, ಇಷ್ಟೇನಾ!" ಎಂದ. ಆಕೆ ಎದ್ದು ಓಡಾಡುವಂತಾದ ಮೇಲೆ ಗುಜರಿಯಿಂದ ಹಳೆ ಕುರ್ಚಿಗಳನ್ನು ತಂದು ಸರಿಮಾಡಿ, ಬೇಕಾದವರಿಗೆ ಪುಕ್ಕಟೆ ಕೊಡತೊಡಗಿದ. ಟೀಚರಾಗಿ ನಿವೃತ್ತಳಾದ ಅವನ ಅಕ್ಕ ಅದಕ್ಕೊಂದು ಸಂಘ ಕಟ್ಟಿ, ಅರ್ಜಿ ಮೇಲೆ ಅರ್ಜಿ ಬರೆದು, ಸರ್ಕಾರದಿಂದ ಒಂದು ಕೋಣೆಯನ್ನೂ ಬಿಡಿಭಾಗಗಳಿಗೆ ಅನುದಾನವನ್ನೂ ಗಿಟ್ಟಿಸಿದಳು.

ಈ ವರ್ಷ ತಪಾಸಣೆಗೆ ಬರುತ್ತೇವೆಂದು ಪತ್ರ ಬಂತು. ಬಂದವರು ಒಪ್ಪದಿದ್ದರೆ ಕೋಣೆ ಹೋಯಿತು, ಅದರ ಹಿಂದೆ ಈ ಕೆಲಸವೂ ಹೋಯಿತು. ಅಕ್ಕ ಕೋಣೆಗೆ ಇಣುಕಿದಳು. ಒಳಗಿದ್ದದ್ದು ಒಂದು ಪಂಪು, ಎರಡು ಟೈರು.

"ಲೋ, ಖಾಲಿ ಕೋಣೆ ತೋರಿಸಿದ್ರೆ ಯಾರೋ ನಂಬ್ತಾರೆ? ಎಲ್ಲಾ ವಾಪಸ್ ತಗೊಂಡ್ಬಾ."

"ಕೂತವರನ್ನ ಎಬ್ಬಿಸೋದಾ ಅಕ್ಕ?"

"ಒಂದು ದಿನಕ್ಕೆ ಯಾರ ಗಂಟೇನು ಹೋಗುತ್ತೆ?"

ಅಕ್ಕನ ಮಾತು ಮೀರಿ ಅವನಿಗೆ ಅಭ್ಯಾಸವಿಲ್ಲ. ಮನೆಮನೆಗೆ ಹೋಗಿ ಹನ್ನೊಂದು ಕುರ್ಚಿ ತಂದ, ಒರೆಸಿದ, ಎಣ್ಣೆ ಬಿಟ್ಟು ಸಾಲಾಗಿ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಬಂದ ಅಧಿಕಾರಿಣಿ ಒಂದೊಂದನ್ನೂ ತಳ್ಳಿ ನೋಡಿದರು. ಅವರಿಗೂ ತನ್ನ ಹಾಗೇ ಕುತೂಹಲವೆಂದು ಮಾಮ ಹಿಗ್ಗಿದ.

"ಚೆನ್ನಾಗಿಟ್ಟಿದ್ದೀರಿ. ಆದ್ರೆ ಹನ್ನೊಂದಕ್ಕೆ ಹನ್ನೊಂದೂ ಇಲ್ಲೇ ಇವೆ. ಇವನ್ನ ಯಾರೂ ಬಳಸಲ್ವಾ?"

ಪಾಠ ಮಾಡಿ ಪಳಗಿದ ಅಕ್ಕನೇ ತಮ್ಮನ ಕಡೆ ತಿರುಗಿದಳು. ಇದನ್ನು ಇಬ್ಬರಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

"ನಿನ್ನೆವರೆಗೂ ಇಲ್ಲಿ ಒಂದೂ ಇರಲಿಲ್ಲ ಮೇಡಂ," ಎಂದ ಮಾಮ. "ನಿಮಗೆ ತೋರಿಸೋಕೆ ಕಿತ್ಕೊಂಡು ಬಂದೆ."

"ಯಾರಿಂದ? ನಡೀರಿ, ನೋಡೋಣ."

ಮಾಮ ತುದಿಯ ಕುರ್ಚಿಯನ್ನು ತಳ್ಳಿಕೊಂಡು ಹೊರಟ. ಫೈಲು ಕಂಕುಳಲ್ಲಿ ಇಟ್ಟುಕೊಂಡು ಅವರೂ ಹಿಂದೆಯೇ ಬಂದರು. ಎರಡು ತಿರುವು ದಾಟಿ ಬಟ್ಟೆ ಹೊಲಿಯುವ ಹೆಂಗಸಿನ ಮನೆ. ಕೈಮಿಷನ್ನಿನ ಸೂಜಿಯಡಿ ಅರ್ಧ ಹೊಲಿದ ತೋಳು ಹಾಗೇ ಸಿಕ್ಕಿಕೊಂಡಿತ್ತು. ಆಕೆ ಹಾಸಿಗೆಯಲ್ಲಿದ್ದಳು. ಮೊಣಕೈ ತರಚಿತ್ತು.

"ಇದೇನಮ್ಮ ಗಾಯ?"

"ಬಚ್ಚಲಿಗೆ ತೆವಳ್ಕೊಂಡು ಹೋದೆ ಮಾಮ. ಅದಿರ್ಲಿ, ನಿಮ್ಮ ಕೆಲಸ ಆಯ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬಯ್ಯಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆಕೆಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಪಾದಗಳನ್ನು ಹಲಗೆಯ ಮೇಲಿಟ್ಟ.

"ಮೇಡಂ, ಕೋಣೆ ಖಾಲಿ ಅಂತಲೇ ಬರ್ಕೊಳ್ಳಿ. ಹೋದ್ರೆ ಹೋಗ್ಲಿ. ಇನ್ನು ಯಾರನ್ನೂ ಎಬ್ಬಿಸಲ್ಲ."

ಅಧಿಕಾರಿಣಿ ಪೆನ್ನು ತೆಗೆದು, ಕೋಣೆಯಲ್ಲಿರುವ ಕುರ್ಚಿಗಳು ಎಂಬಲ್ಲಿ ಸೊನ್ನೆ ಬರೆದರು. ಕೆಳಗೆ ಒಪ್ಪಿಗೆಯ ಸಹಿಯ ಜಾಗ ಹಾಗೇ ಬಿಟ್ಟರು.

"ಇನ್ನೂ ಹತ್ತು ಜನ ಕಾಯ್ತಿದ್ದಾರೆ. ಅವರು ಕೂತ್ಕೊಂಡ ಮೇಲೆ ಸಹಿ ಹಾಕ್ತೀನಿ. ನಡೀರಿ, ಒಂದು ನಾನೂ ತಳ್ತೀನಿ."