ಮೂರನೇ ಪ್ರೆಸ್ಸಿನ ಎಂಟು ಸೆಕೆಂಡ್

ಕೋವಿಡ್ ಲಾಕ್‌ಡೌನ್ ತೆರವಾದ ಮರುವರ್ಷ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್ ಆಗಿದ್ದೆ. ಗದಗಿನಿಂದ ಬಂದು ಉರಿಗಾಂನಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾಗಿತ್ತು. ಅಳತೆಯ ಉಪಕರಣಗಳೆಲ್ಲ ನನ್ನ ಸುಪರ್ದಿನಲ್ಲಿದ್ದವು. ಅಳತೆಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರೆಂಬ ಜಂಬವೂ ಇತ್ತು.

ಆ ವರ್ಷ ಮೂರನೇ ನಂಬರ್ ಪ್ರೆಸ್‌ಗೆ ಒಂದು ರೋಗ ಅಂಟಿಕೊಂಡಿತು. ಪ್ರೆಸ್ ಎಂದರೆ ಕಬ್ಬಿಣದ ತಗಡನ್ನು ಅಚ್ಚಿನ ಮೇಲಿಟ್ಟು, ಮೇಲಿನಿಂದ ಗುದ್ದಿ ಆಕಾರ ಕೊಡುವ ಯಂತ್ರ. ಗುದ್ದುವ ಭಾಗಕ್ಕೆ ರ‍್ಯಾಮ್ ಎನ್ನುತ್ತೇವೆ. ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಇಳಿಯಬೇಕು. ಆಗ ಕೈ ಅಚ್ಚಿನಲ್ಲಿ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಆದರೆ ಈ ಯಂತ್ರ ಆಗೊಮ್ಮೆ ಈಗೊಮ್ಮೆ, ಯಾರೂ ಒತ್ತದೆ, ಎರಡನೇ ಸಲ ತಾನಾಗಿಯೇ ಇಳಿಯುತ್ತಿದೆ ಎಂದು ಆಪರೇಟರ್ ಮುನಿವೆಂಕಟಪ್ಪ ಮೂರು ಸಲ ದೂರು ಕೊಟ್ಟಿದ್ದರು. ಅವರು ಕಾಮಸಮುದ್ರದ ಕಡೆಯವರು, ಐವತ್ತರ ಆಸುಪಾಸು, ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಮೆಕ್ಯಾನಿಕ್‌ಗಳು ನೋಡಲು ಹೋದಾಗಲೆಲ್ಲ ಯಂತ್ರ ಸಾಧುವಾಗಿರುತ್ತಿತ್ತು. ಅವರು ನಕ್ಕು ವಾಪಸ್ಸಾಗುತ್ತಿದ್ದರು.

ಪ್ರೊಡಕ್ಷನ್ ಮ್ಯಾನೇಜರ್ ಸುರೇಂದ್ರ ಸಾರ್ ಮಾತ್ರ ನಗಲಿಲ್ಲ. ನನಗೆ ಕೆಲಸ ಕಲಿಸಿದವರು ಅವರು. ನನ್ನ ಮಗಳ ನಾಮಕರಣದ ದಿನ ಪಂಕ್ತಿಯಲ್ಲಿ ಓಡಾಡಿ ಪಾಯಸ ಬಡಿಸಿದ್ದರು. ಬೆಂಗಳೂರಿನಿಂದ ನಾಲ್ಕು ದಿನದ ಮಟ್ಟಿಗೆ ಒಂದು ಹೈ-ಸ್ಪೀಡ್ ಕ್ಯಾಮೆರಾ ತರಿಸಿ ನನ್ನ ಕೈಗಿತ್ತರು.

ಸಾಮಾನ್ಯ ವಿಡಿಯೋ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ತೆಗೆದರೆ ಇದು ಎರಡು ಸಾವಿರ ತೆಗೆಯುತ್ತಿತ್ತು. ಅದನ್ನು ಮಾಮೂಲಿ ವೇಗದಲ್ಲಿ ಓಡಿಸಿದರೆ ಒಂದು ಸೆಕೆಂಡು ಎಂಬತ್ತು ಸೆಕೆಂಡಿಗೆ ಹಿಗ್ಗುತ್ತದೆ. ಕ್ಯಾಮೆರಾ ಸದಾ ಚಿತ್ರ ತೆಗೆಯುತ್ತ, ಹಳೆಯದನ್ನು ಅಳಿಸುತ್ತ ಇರುತ್ತದೆ. ಗುಂಡಿ ಒತ್ತಿದಾಗ ಅದಕ್ಕೂ ಹಿಂದಿನ ನಾಲ್ಕು ಸೆಕೆಂಡನ್ನು ಉಳಿಸಿಕೊಳ್ಳುತ್ತದೆ. ಪರದೆಯ ಮೂಲೆಯಲ್ಲಿ, ಸೆಕೆಂಡಿನ ಸಾವಿರನೇ ಒಂದು ಭಾಗದ ಲೆಕ್ಕದಲ್ಲಿ, ನಿಜವಾದ ಸಮಯದ ಅಂಕಿ ಓಡುತ್ತಿರುತ್ತದೆ.

"ದೋಷ ಸಿಗುವವರೆಗೆ ತಗಡನ್ನು ಇಕ್ಕಳದಲ್ಲಿ ಇಡಿಸೋಣ ಸಾರ್" ಎಂದೆ. "ಇಕ್ಕಳ ಹಿಡಿದರೆ ಎಂದಿನ ವೇಗ ಬರಲ್ಲಮ್ಮಾ, ದೋಷವೂ ಕಾಣಿಸಲ್ಲ. ಕೈಯಲ್ಲೇ ಇಡಲಿ" ಎಂದರು. ನಾನು ವಾದಿಸಲಿಲ್ಲ. ವಾದಿಸಬೇಕಿತ್ತು.

ಮೂರನೆಯ ದಿನ, ಬೆಳಗಿನ ಚಹಾ ಮುಗಿದ ಸ್ವಲ್ಪ ಹೊತ್ತಿಗೆ, ರ‍್ಯಾಮ್ ಇಳಿದು ಮೇಲೆ ಹೋಗಿ ನಿಂತಿತು. ಮುನಿವೆಂಕಟಪ್ಪ ತಯಾರಾದ ಭಾಗವನ್ನು ತೆಗೆಯಲು ಕೈ ಚಾಚಿದರು. ಅದು ಮತ್ತೆ ಇಳಿಯಿತು. ನಾನು ಕಿರುಚುತ್ತಲೇ ಕ್ಯಾಮೆರಾದ ಗುಂಡಿ ಒತ್ತಿದೆ. ಅವರ ಬಲಗೈಯ ಎರಡು ಬೆರಳುಗಳ ತುದಿ ಹೋಗಿತ್ತು.

ಮಧ್ಯಾಹ್ನ ಒಬ್ಬಳೇ ಕೂತು ವಿಡಿಯೋ ನೋಡಿದೆ. ಅವರ ಎರಡು ಕೈಯೂ ಗುಂಡಿಗಳಿಂದ ದೂರವಿದ್ದವು, ಗುಂಡಿ ಒತ್ತಿದಾಗ ಹತ್ತುವ ಹಸಿರು ದೀಪಗಳು ಆರಿದ್ದವು. ರ‍್ಯಾಮ್ ಅಲುಗಿದ ಚಿತ್ರದಿಂದ ಬೆರಳು ಮುಟ್ಟಿದ ಚಿತ್ರದವರೆಗೆ ಎಣಿಸಿದೆ: ಇನ್ನೂರು. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಕಣ್ಣು ಮಿಟುಕಿಸಲೂ ಸಾಲದು. ಅತ್ತೆ. ಸದ್ಯ, ಈ ಮನುಷ್ಯ ಹೇಳಿದ್ದು ನಿಜವೆಂದು ಈಗಲಾದರೂ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಸಮಾಧಾನವೂ ಆಯಿತು. ಆ ಸಮಾಧಾನ ನೆನೆದರೆ ಈಗ ಮೈ ಉರಿಯುತ್ತದೆ.

ವಿಡಿಯೋ ಇದ್ದ ಡಿಸ್ಕನ್ನು ಸುರೇಂದ್ರ ಸಾರ್ ಕೈಗೆ ಕೊಟ್ಟೆ. ಪ್ರತಿ ಇಟ್ಟುಕೊಳ್ಳಲಿಲ್ಲ, ಅವರ ಹತ್ತಿರ ಇದ್ದರೆ ನನ್ನ ಹತ್ತಿರ ಇದ್ದ ಹಾಗೆ ಎಂದುಕೊಂಡೆ. ಕ್ಯಾಮೆರಾ ಬೆಂಗಳೂರಿಗೆ ಹೋಯಿತು. ಸ್ವಿಚ್ ಆರಿಸಿದರೆ ಅದರ ನೆನಪೂ ಖಾಲಿ. ವಾರದ ನಂತರ ಅವರೊಂದು ಕಾಗದ ತಂದರು: 'ಈ ವಿಡಿಯೋದಿಂದ ಯಾವ ಫ್ರೇಮನ್ನೂ ತೆಗೆದಿಲ್ಲ, ಸೇರಿಸಿಲ್ಲ.' ಜೊತೆಗಿದ್ದ ಪೆನ್‌ಡ್ರೈವ್ ತೆರೆದು ನೋಡುವ ಗೋಜಿಗೂ ಹೋಗದೆ ಸಹಿ ಹಾಕಿದೆ. ಅಪಘಾತದ ಬಗ್ಗೆ ಕಾರ್ಖಾನೆ ನಡೆಸುವ ವಿಚಾರಣೆಗೆ ನನ್ನನ್ನು ಕರೆಯುತ್ತಾರೆಂದು ಕಾದೆ. ಕರೆಯಲಿಲ್ಲ.

ತಿಂಗಳಾದ ಮೇಲೆ ಮುನಿವೆಂಕಟಪ್ಪ ಗೇಟಿನ ಬಳಿ ಸಿಕ್ಕರು. ಕೈಯಲ್ಲಿ ಕೆಲಸದಿಂದ ತೆಗೆದ ಆದೇಶವಿತ್ತು.

"ನೋಡ್ಬುಟ್ಟೆ ಮೇಡಂ, ಟೀವೀಲಿ ಆಕಿದ್ರು. ಎಂಟು ಸೆಕೆಂಡು ನನ್ ಕೈ ಅಲ್ಲೇ ಐತೆ. ವಿಚಾರ್ಣೆ ಮಾಡೋ ವಕೀಲಪ್ಪ ಗಡಿಯಾರ ಇಟ್ಕಂಡು ಎಣಿಸ್ದ. ಮೇಲಿಂದ ಅದು ಬತ್ತಾ ಐತೆ, ಬತ್ತಾನೇ ಐತೆ. ನಾನು ಕೈ ತೆಗೀಲೇ ಇಲ್ಲ. ಏನಾಗಿತ್ತೋ ನಂಗೆ."

"ಮೂಲೆಯಲ್ಲಿ ಅಂಕಿ ಓಡ್ತಿರಲಿಲ್ವಾ? ಗುಂಡಿಯ ದೀಪ ಕಾಣಲಿಲ್ವಾ?"

"ಯಾವ್ದೂ ಇರ್ಲಿಲ್ಲ. ಬರೀ ಕೈ, ಇಷ್ಟಗಲ. ನಂದೇ ತಪ್ಪು ಅಂತ ಎಬ್ಬೆಟ್ಟು ಒತ್ತಿ ಬಂದೆ, ಎಡಗೈದು."

ನೇರವಾಗಿ ಸುರೇಂದ್ರ ಸಾರ್ ಕೋಣೆಗೆ ನುಗ್ಗಿದೆ. ಅವರು ಮುಖ ತಪ್ಪಿಸಲಿಲ್ಲ. "ಒಂದಾದರೂ ಫ್ರೇಮ್ ತೆಗೆದಿದ್ದೀನಾ? ಕೈ ದೊಡ್ಡದಾಗಿ ಕಾಣಲಿ ಅಂತ ಅಂಚು ಕತ್ತರಿಸಿದೆ, ಅಷ್ಟೆ. ನಿನ್ನ ಸಹಿ ಸುಳ್ಳಲ್ಲಮ್ಮಾ. ಇಕ್ಕಳ ಬೇಡ ಅಂದಿದ್ದು ನಾನು ಅಂತ ಹೊರಗೆ ಬಂದರೆ ನನ್ನ ಗತಿ ಏನು, ಹೇಳು." ಡಿಸ್ಕ್ ಕೇಳಿದೆ. ಬೇರೆ ಕೆಲಸಕ್ಕೆ ಬೇಕೆಂದು ಅಳಿಸಿದ್ದಾಗಿತ್ತು. ಹನ್ನೊಂದು ವರ್ಷದಿಂದ ಕೇಳುತ್ತಿದ್ದ ಆ 'ಅಮ್ಮಾ' ಇನ್ನು ಬೇಡ ಎಂದೆ. ಬಾಯಿಗೆ ಬಂದಂತೆ ಬೈದು ಹೊರಗೆ ಬಂದೆ.

ಭಾನುವಾರ ಕಾಮಸಮುದ್ರದ ಬಸ್ ಹತ್ತಿದೆ, ಚೀಲದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಂಡು. ಮುನಿವೆಂಕಟಪ್ಪನವರ ಜಗುಲಿಯಲ್ಲಿ ಕೂತು, ಅವರ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಸ್ಕೇಲನ್ನು ತೂಗಿಹಿಡಿದೆ. "ನಾನು ಯಾವಾಗ ಬಿಡ್ತೀನೋ ಹೇಳಲ್ಲ. ಐದು ಸೆಂಟಿಮೀಟರ್ ಜಾರೋದರೊಳಗೆ ಹಿಡಿಯಬೇಕು. ರ‍್ಯಾಮ್ ನಿಮಗೆ ಕೊಟ್ಟಿದ್ದು ಅಷ್ಟೇ ಸಮಯ." ಹತ್ತು ಸಲ ಬಿಟ್ಟೆ. ಹತ್ತು ಸಲವೂ ಸ್ಕೇಲ್ ಇಪ್ಪತ್ತರ ಆಚೀಚೆಗೆ ಸಿಕ್ಕಿತು. ನನ್ನ ಕೈಗೆ ಅವರು ಬಿಟ್ಟಾಗಲೂ ಅಷ್ಟೆ.

"ಯಾರ್ ಕೈಲೂ ಆಗಲ್ವಾ?"

"ಯಾರ ಕೈಯಲ್ಲೂ ಆಗಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ನಿಧಾನ ಮಾಡಿ, ಎಂಟು ಸೆಕೆಂಡಿಗೆ ಹಿಗ್ಗಿಸಿ ತೋರಿಸಿದ್ದು ಅದು. ನಿಮ್ಮ ತಪ್ಪಿಲ್ಲ."

ಅವರು ಸ್ಕೇಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ತುಂಬಿತ್ತು.

"ಮೊದ್ಲು ನಾನೂ ಒಪ್ಲಿಲ್ಲ ಮೇಡಂ, ಜಗಳ ಆಡ್ದೆ. ಆಮೇಲೆ ನಿಮ್ ಕಾಗ್ದ ಓದಿದ್ರು, ನಿಮ್ ಎಸ್ರು ಓದಿದ್ರು. ಆಯಮ್ಮ ಸುಳ್ಳು ಬರೆಯಾಕಿಲ್ಲ ಅಂತ ಎಬ್ಬೆಟ್ಟು ಒತ್ತುಬುಟ್ಟೆ."

ಕಾರ್ಮಿಕ ಇಲಾಖೆಗೆ ನನ್ನ ಸಹಿಯ ವಿರುದ್ಧ ನಾನೇ ಹೇಳಿಕೆ ಬರೆದುಕೊಟ್ಟೆ, ಕೆಲಸ ಬಿಟ್ಟೆ. ಮೂಲ ವಿಡಿಯೋ ಇಲ್ಲದ ಆ ಪ್ರಕರಣ ಇನ್ನೂ ಕುಂಟುತ್ತಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಾನು ಪ್ರಮಾಣಿಸುವುದಿರಲಿ, ನೋಡಲೂ ಇಲ್ಲ. ಸುರೇಂದ್ರ ಸಾರ್ ಮಾಡಿದ್ದನ್ನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅವರು ನನ್ನ ನಂಬಿಕೆಯನ್ನಷ್ಟೇ ಮುರಿದರು. ಮುನಿವೆಂಕಟಪ್ಪನವರದನ್ನು ಮುರಿಯಲು ನನ್ನ ಹೆಸರೇ ಬೇಕಾಯಿತು. ಈಗ ಕೆಲಸ ಮಾಡುವ ಕಡೆ, ಒಂದು ವಿಡಿಯೋ ಯಾರ ವಿರುದ್ಧ ಸಾಕ್ಷಿಯಾಗುತ್ತದೋ ಅವರ ಪಕ್ಕದಲ್ಲಿ ಕೂತು, ಅವರ ಜೊತೆ ಕೊನೆಯವರೆಗೆ ನೋಡಿದ ಮೇಲೆಯೇ ಪೆನ್ನು ತೆಗೆಯುತ್ತೇನೆ.